ಕಳ್ಳ ಸಿಕ್ಕ

ಬಾಲವಾಡಿ ಶಿಕ್ಷಕಿಯರ ಆನ್‌ಲೈನ್ ತರಗತಿ ಮರಾಠಿಯಲ್ಲಿತ್ತು. ಮದುವೆಯಾಗಿ ವಿಜಯಪುರದಿಂದ ಪುಣೆಗೆ ಬಂದ ನನಗೆ ತರಕಾರಿ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು, ಪಾಠ ಕೇಳುವಷ್ಟಲ್ಲ. ಮೇಡಂ ಮಾತು ಮಾತಿಗೂ "ಕಳ್ಳಂ ಕಾ?" ಎನ್ನುತ್ತಿದ್ದರು. ತಿಳಿಯಿತೇ ಎಂದರ್ಥ. ನನ್ನ ಕಿವಿಗೆ ಮಾತ್ರ ಕಳ್ಳನನ್ನು ಹುಡುಕುತ್ತಿರುವಂತೆ ಕೇಳುತ್ತಿತ್ತು. ಎಲ್ಲರೂ "ಹೋ" ಎಂದು ಒಪ್ಪಿದಾಗ ನಾನೂ "ಹೋ" ಎನ್ನುತ್ತಿದ್ದೆ. ಅಷ್ಟು ಜನರ ಮುಂದೆ ತಿಳಿಯಲಿಲ್ಲ ಎನ್ನುವ ಧೈರ್ಯ ಯಾರಪ್ಪನಿಗಿದೆ!

ಒಂದು ದಿನ ನನಗೊಬ್ಬಳಿಗೇ ಮೆಸೇಜು ಬಂತು: "ಕಳ್ಳ ಸಿಕ್ಕನೇನ್ರೀ?" ಅದೇ ತರಗತಿಯವರು, ಪುಣೆಯ ಖಡಕಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹೆಂಗಸು, ನನಗಿಂತ ಹಿರಿಯರು; ನನ್ನ ಮನೆತನದ ಅಡ್ಡಹೆಸರು ನೋಡಿ ಗುರುತಿಸಿದ್ದರು. ನಕ್ಕು ನಕ್ಕು ಸಾಕಾಗಿ, "ಇಲ್ರೀ ಅಕ್ಕಾರ, ಓಡಿಹೋದ" ಎಂದು ಬರೆದೆ. ತರಗತಿ ಮುಗಿದ ಮೇಲೆ ಅಂದಿನ ಪಾಠವನ್ನೆಲ್ಲ ಕನ್ನಡದಲ್ಲಿ ಹೇಳಿ, ರೆಕಾರ್ಡು ಮಾಡಿ ಕಳಿಸಿದರು. ಆಮೇಲೆ ಅದೇ ರೂಢಿಯಾಯಿತು. ತಿಳಿದರೆ ಕಳ್ಳ ಸಿಕ್ಕ, ತಿಳಿಯದಿದ್ದರೆ ಓಡಿಹೋದ. ಇಬ್ಬರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಅವರ ಮುಖವನ್ನು ನಾನು ನೋಡಲೇ ಇಲ್ಲ.

ಒಮ್ಮೆ ಅವರು ತರಗತಿಗೆ ಬರಲಿಲ್ಲ. ಸಂಜೆ ಬರೆದರು: "ದವಾಖಾನ್ಯಾಗ ಅದೀನಿ. ಇವತ್ತಿಂದು ನೀವ ಹೇಳ್ರಿ." ನನಗೋ ಭಾರೀ ಹೆಮ್ಮೆ. ಮೊದಲ ದಿನ ಅಳುವ ಮಗುವನ್ನು ಬಾಲವಾಡಿಯಲ್ಲಿ ಬಿಟ್ಟು ತಾಯಿ ಹೇಗೆ ಹೋಗಬೇಕು ಎಂಬುದು ಅಂದಿನ ಪಾಠ. ಕಣ್ತಪ್ಪಿಸಿ ಜಾರಿಕೊಳ್ಳಬಾರದು, ಮುಖ ನೋಡಿ ಹೇಳಿ ಹೋಗಬೇಕು ಎಂದೆಲ್ಲ ದೊಡ್ಡ ಪಂಡಿತಳ ಹಾಗೆ ಮಾತಾಡಿ, ಕೊನೆಗೆ "ಕಳ್ಳ ಸಿಕ್ಕನೇನ್ರೀ ಅಕ್ಕಾರ?" ಎಂದು ಸೇರಿಸಿ ಕಳಿಸಿದೆ. ಉತ್ತರ ಬರಲಿಲ್ಲ. ದಿನಾ ಫೋನು ತೆಗೆದು ನೋಡುತ್ತಿದ್ದೆ. ಕೇಳಿದ್ದು ತಾವೇ, ಈಗ ಒಂದು ಮಾತೂ ಇಲ್ಲವಲ್ಲ ಎಂದು ಸಿಟ್ಟೂ ಬಂತು.

ಕೆಲವು ದಿನಗಳ ಮೇಲೆ ಅದೇ ನಂಬರಿನಿಂದ ಅವರ ಮಗಳು ಮಾತಾಡಿದಳು. "ಅವ್ವ ಹೋದ್ಲರೀ."

ಹುಡುಗಿಯೇ ಮುಂದುವರಿಸಿದಳು: "ನಿಮ್ಮ ಮಾತು ಫೋನಿನ್ಯಾಗ ಹಚ್ಚಿದ್ದೆ. ಕೇಳಿಸ್ತೋ ಇಲ್ಲೋ ಗೊತ್ತಿಲ್ಲ. ನನ್ನ ಮುಖಾ ನೋಡಿ ಕಳ್ಳ ಸಿಕ್ಕ, ಕಳ್ಳ ಸಿಕ್ಕ ಅಂದ್ಲು. ಅದ ಕಡೀ ಮಾತು. ನನ್ನ ಗುರ್ತ ಸೈತ ಸಿಗಲಿಲ್ಲ ಅಕಿಗೆ."

ಅಳುತ್ತಲೇ ನಮ್ಮ ಕಳ್ಳನ ಕತೆ ಹೇಳಿದೆ.

"ಹಂಗಾರ ಅವ್ವಗ ಶುದ್ಧಿ ಇತ್ತು," ಎಂದಳು. "ಬಡಬಡಿಸ್ಲಿಕತ್ತಾಳಂತ ನಾ ಅಕಿ ಕೈ ಬಿಡಿಸ್ಕೊಂಡು ಡಾಕ್ಟರನ್ನ ಕರೀಲಿಕ್ಕೆ ಓಡಿದ್ನಲ್ರೀ."