ಗಾಳದ ಕಣ್ಣು ಬಿಡಿಸಿದ ಬೇಸಿಗೆ

ಬೇಸಿಗೆ ರಜೆ ಎಂದರೆ ಅಜ್ಜಿಯ ಮನೆ ಎಂದು ಬೇರೆ ಹೇಳಬೇಕಿಲ್ಲದ ಕಾಲ ಅದು. ಪರೀಕ್ಷೆ ಮುಗಿದದ್ದೇ ತಡ, ನಾನೂ ತಮ್ಮ ಕಿಟ್ಟಿಯೂ ಬೀರೂರಿನಲ್ಲಿ ರೈಲಿಳಿದು, ಬಸ್ಸು ಹತ್ತಿ, ಚೌಳಹಿರಿಯೂರಿನ ಹತ್ತಿರದ ಆ ಹಳ್ಳಿ ಸೇರಿಬಿಡುತ್ತಿದ್ದೆವು. ಉಳಿದ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಸೋದರಮಾವನ ಪಕ್ಕ ಕೂತು ಗಾಳದ ಕಣ್ಣು ಬಿಡಿಸುತ್ತಿದ್ದೆ.

ಮಾವನಿಗೆ ಮೀನಿನ ಹುಚ್ಚು. ಲಕ್ಕವಳ್ಳಿ ಡ್ಯಾಮಿನ ಹತ್ತಿರ ಯಾರೋ ಎರೆಹುಳುವೇ ಇಲ್ಲದೆ ಮೀನು ಹಿಡಿದದ್ದನ್ನು ಕಂಡು ಬಂದವನು ತಾನೂ ಜಿಗ್ ಎಂಬ ಸೀಸದ ತಲೆಯ ಗಾಳ ಮಾಡತೊಡಗಿದ. ಕಡೂರಿನ ಟೈರ್ ಅಂಗಡಿಯಿಂದ ತಂದ ಸೀಸವನ್ನು ಹಳೆಯ ಸೌಟಿನಲ್ಲಿ ಕರಗಿಸಿ, ಗಾಳದ ಕುತ್ತಿಗೆಗೆ ಗೋಲಿಯಂಥ ತಲೆ ಎರಕ ಹೊಯ್ಯುತ್ತಿದ್ದ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಅದನ್ನು ಅದ್ದಿ ಹಿತ್ತಿಲ ತಂತಿಗೆ ನೇತುಹಾಕುತ್ತಿದ್ದ. ದಾರ ಕಟ್ಟುವ ಕಣ್ಣಿಗೂ ಬಣ್ಣ ತುಂಬಿಕೊಳ್ಳುತ್ತಿತ್ತು. ಪಿನ್ನಿನಿಂದ ಅದನ್ನು ಬಿಡಿಸುವುದು ನನ್ನ ಕೆಲಸ. ಹಸಿಯಿದ್ದಾಗ ಚುಚ್ಚಿದರೆ ಬಣ್ಣ ಮತ್ತೆ ಕೂಡಿಕೊಳ್ಳುತ್ತದೆ, ಪೂರ್ತಿ ಒಣಗಿದರೆ ತಲೆಯ ಬಣ್ಣವೂ ಚಕ್ಕೆ ಏಳುತ್ತದೆ. ಬೆರಳಿಗೆ ಅಂಟಬಾರದು, ಉಗುರಿಗೆ ಒತ್ತಬೇಕು, ಅದೇ ಹದ. ಬಣ್ಣದ ಘಾಟು ಊಟಕ್ಕೆ ಕೂತಾಗಲೂ ಮೂಗು ಬಿಡುತ್ತಿರಲಿಲ್ಲ.

ಕಣ್ಣು ಬಿಡಿಸಿದವರಿಗೇ ಆ ಗಾಳಕ್ಕೆ ಬಿದ್ದ ಮೀನಿನ ತಲೆ ಎಂಬುದು ನಮ್ಮ ಮನೆಯ ಪದ್ಧತಿ. ತಲೆ ಯಾರಿಗೆ ಬೇಕಿತ್ತು? ನನಗೆ ಮಾವ ಮೀನಿಗೆ ಹೋಗುವ ಕೆರೆ ಬೇಕಿತ್ತು. ನಾನು ಬಿಡಿಸಿದ ಗಾಳ ನೀರಿಗೆ ಬೀಳುವುದನ್ನು ಒಮ್ಮೆ ನೋಡಬೇಕಿತ್ತು.

“ಮಾವ, ನನ್ನೂ ಕರ್ಕೊಂಡೋಗು.”

“ಚಕ್ಕೆ ಏಳ್ದಂಗೆ ಒಂದು ಸಾಲು ಪೂರ್ತಿ ಬಿಡಿಸು, ಕರ್ಕೊಂಡೋಗ್ತೀನಿ ಕಣೇ. ಎಸೆಯೋದೂ ಹೇಳ್ಕೊಡ್ತೀನಿ.”

ಆ ಬೇಸಿಗೆ ಬಿಡಿಸಿಯೇಬಿಟ್ಟೆ. ಮಾವ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, “ಭೇಷ್! ನಾಳೆ ಬೆಳಿಗ್ಗೆ ರೆಡಿಯಾಗು” ಎಂದ.

ಬೆಳಿಗ್ಗೆ ಎರಡು ಜಡೆ ಬಿಗಿದುಕೊಂಡು ಸೈಕಲ್ಲಿನ ಪಕ್ಕ ನಿಂತಿದ್ದೆ. ಅಜ್ಜಿ ಹೊಸಿಲಿಗೆ ಬಂದಳು.

“ಎಲ್ಲಿಗೆ ಹೊರಟ್ಯೇ? ಹೆಣ್ಣುಡ್ಗಿ ಗಂಡಸ್ರ ಜೊತೆ ಕೆರೆ ಏರಿ ಮೇಲೆ ಕೂತ್ರೆ ಊರೋರು ಏನಂದಾರು? ಒಳಗೆ ನಡಿ.”

ನಾನು ಮಾವನ ಮುಖ ನೋಡಿದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಜ್ಜಿಯೊಂದಿಗೆ ಅರ್ಧ ದಿನ ಜಗಳವಾಡುವ ಮಾವ ಅಂದು ಸೈಕಲ್ಲಿನ ಸ್ಟ್ಯಾಂಡ್ ತೆಗೆದ. ಅಂಗಳದಲ್ಲಿದ್ದ ಕಿಟ್ಟಿಯನ್ನು “ಬಾರೋ” ಎಂದು ಸೈಕಲ್ಲಿಗೆ ಹತ್ತಿಸಿಕೊಂಡು ಹೊರಟುಹೋದ. ಕಿಟ್ಟಿ ಹುಟ್ಟಿದಾಗಿನಿಂದ ಪಿನ್ನು ಮುಟ್ಟಿದವನಲ್ಲ.

ರಾತ್ರಿ ಊಟಕ್ಕೆ ಕೊರವ ಮೀನಿನ ಹುಳಿಸಾರು, ರಾಗಿಮುದ್ದೆ. ಮಾವ ತಾನೇ ತಲೆಯನ್ನು ನನ್ನ ತಟ್ಟೆಗೆ ಹಾಕಿದ.

“ನಿಂದೇ ಗಾಳ ಕಣೇ, ತಿನ್ನು. ಮುಂದಿನ್ಸಲ ಖಂಡಿತ.”

ಮುಟ್ಟಬಾರದು ಅಂದುಕೊಂಡಿದ್ದೆ. ಹಾಳು ನಾಲಗೆ, ಚೀಪಿ ಚೀಪಿ ತಿಂದೆ. ಮುಂದಿನ ರಜೆಯ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. ಕೆರೆಯ ಮಾತನ್ನು ನಾನೂ ಎತ್ತಲಿಲ್ಲ, ಮಾವನೂ ಎತ್ತಲಿಲ್ಲ.

ಈಗ ಅಜ್ಜಿ ಇಲ್ಲ, ಮಾವನೂ ಇಲ್ಲ. ಜಿಗ್ ಆನ್‌ಲೈನಿನಲ್ಲೇ ಸಿಗುತ್ತದೆ. ಮೊನ್ನೆ ತರಿಸಿದೆ. ಕಣ್ಣುಗಳೆಲ್ಲ ಸ್ವಚ್ಛ, ಬಿಡಿಸಲು ಏನೂ ಇರಲಿಲ್ಲ. ಅಜ್ಜಿಯ ಊರಿಗೆ ಹೋಗಿ, ಕಾರು ನಿಲ್ಲಿಸಿ ಕೆರೆಯ ಏರಿ ಹತ್ತಿದೆ. ಮಳೆ ಚೆನ್ನಾಗಿ ಬಿದ್ದು ನೀರು ತುಂಬಿತ್ತು. ದಾರ ಕಟ್ಟಿ ಕೈಯೆತ್ತಿದೆ. ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಕೈಯನ್ನು ಎಷ್ಟು ಹಿಂದಕ್ಕೆ ಒಯ್ಯಬೇಕು, ದಾರವನ್ನು ಯಾವಾಗ ಬಿಡಬೇಕು, ನನಗೆ ಗೊತ್ತಿರಲಿಲ್ಲ. ಕೈಯಿಳಿಸಿ, ದಾರ ಬಿಚ್ಚಿ, ಗಾಳವನ್ನು ಪ್ಯಾಕೆಟ್ಟಿಗೆ ಹಾಕಿಕೊಂಡು ಇಳಿದುಬಂದೆ.