ಖಾನೇಸುಮಾರಿಯಲ್ಲಿ ಇಲ್ಲದ ಮಗಳು

ನಿಜಾಮರ ಆಳ್ವಿಕೆ ಮುಗಿದ ಮೇಲೆ ನಡೆದ ಮೊದಲ ಖಾನೇಸುಮಾರಿ ಅದು. ಸೇಡಮ್ಮಿನ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ನಮ್ಮ ಊರಿನಲ್ಲಿ ಮಂದಿ ಎಣಿಸಲು ಶಾಲೆಯ ಮಾಸ್ತರರೇ ಬಂದರು. ಬಾಗಿಲ ಮೇಲೆ ಕೆಮ್ಮಣ್ಣಿನಿಂದ ಮನೆಯ ನಂಬರು ಬರೆದು, ಫರಸಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಕಾಗದ ಬಿಚ್ಚಿದರು.

ಅಷ್ಟರಲ್ಲಿ ಅತ್ತೆ ನನ್ನನ್ನೂ ನನ್ನ ಎರಡು ವರ್ಷದ ಮಗಳನ್ನೂ ಅಡುಗೆಮನೆಗೆ ತಳ್ಳಿದ್ದಳು. ಮೊದಲಿನ ಎರಡು ಗಂಡುಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಉಳಿದ ಕೂಸನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ.

“ಎಷ್ಟ ಮಂದಿ ಅದೀರಿ ಯವ್ವಾ?”

“ನಾನು, ಮಗ, ಸೊಸಿ. ಎಮ್ಮಿನೂ ಬರ್ಕೋರಿ ಮಾಸ್ತರ, ಅದೂ ಮನಿ ಮಂದಿನ.”

ಮಾಸ್ತರರು ನಕ್ಕರು. “ಮಕ್ಕಳು?”

“ದೇವರು ಕಣ್ಣ ತೆರೀಬೇಕ್ರಿ.”

ಅಜ್ಜಿಯ ದನಿ ಕೇಳಿ ಮಗಳು “ಆಯೀ” ಎಂದು ಕೂಗಲು ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿದೆ. ನಾಲ್ಕನೆಯ ಇಯತ್ತೆ ಓದಿದ್ದ ನಾನು! ಅವಳು ಆಟವೆಂದುಕೊಂಡು ನನ್ನ ಅಂಗೈಯೊಳಗೇ ನಕ್ಕಳು. ಆ ಬಿಸಿಯುಸಿರು ಇಂದಿಗೂ ಕೈಯಲ್ಲಿದೆ.

ವಾರ ಕಳೆಯುವುದರೊಳಗೆ ಜ್ವರ ಬಂತು, ಗಂಟಲು ಕಟ್ಟಿತು. ಚಿತ್ತಾಪುರದ ದವಾಖಾನೆಗೆ ಒಯ್ಯೋಣವೆಂದು ಬಂಡಿ ಹೂಡಿದ್ದೆವು. ಬಂಡಿ ಊರ ಹೊಳೆ ದಾಟಲಿಲ್ಲ.

ಎಣಿಕೆಯ ನಡುವೆ ಹುಟ್ಟಿದವರನ್ನು ಸೇರಿಸಿ ಸತ್ತವರನ್ನು ಹೊಡೆದುಹಾಕಬೇಕೆಂದು ಹುಕುಂ ಇತ್ತಂತೆ. ಮಾಸ್ತರರು ಮತ್ತೆ ಬಂದರು. ಕಾಗದ ನೋಡಿ, “ಈ ಮನಿ ಲೆಕ್ಕ ಬರಾಬರ್ ಅದ” ಎಂದರು.

ಬರಾಬರ್! ನಾನು ಸೆರಗು ಸರಿಮಾಡಿಕೊಳ್ಳದೆ ಹೊರಗೆ ಬಂದೆ.

“ನನ್ನ ಮಗಳು ಸತ್ತಾಳ್ರಿ. ಹೊಡದಹಾಕ್ರಿ.”

“ಬರದೇ ಇಲ್ಲ, ಹ್ಯಾಂಗ ಹೊಡೀಲಿ ತಂಗಿ?”

“ಮೊದ್ಲ ಬರೀರಿ. ಆಮ್ಯಾಲ ಹೊಡೀರಿ.”

“ಸತ್ತವರನ್ನ ಬರೀಲಿಕ್ಕ ಹುಕುಂ ಇಲ್ಲವ್ವಾ.”

“ಒಳಗ ನಡಿ,” ಎಂದಳು ಅತ್ತೆ, “ಮಂದಿ ನೋಡಾಕತ್ತಾರ.”

“ನೋಡಲಿ. ಎಣಿಸಲಿಲ್ಲಲ್ಲ, ಉಳೀತೇನು ಕೂಸು?”

ಮಾಸ್ತರರು ಮಸಿ ದವತಿಯ ಮುಚ್ಚಳ ತಿರುವಿ ಮುಂದಿನ ಮನೆಗೆ ಹೋದರು. ಅವರ ಮೇಲಿನ ಸಿಟ್ಟು ಇನ್ನೂ ಇದೆ, ಅತ್ತೆ ಸತ್ತರೂ ಅವಳ ಮೇಲಿನದು ಹೋಗಿಲ್ಲ. ಆದರೆ ಬಾಯಿ ಮುಚ್ಚಿದ್ದು ನನ್ನ ಕೈ.

ಅಂದು ಅದೇ ಕೈಯಲ್ಲಿ ಸಗಣಿ ತಂದು ಬಾಗಿಲ ಮೇಲಿನ ನಂಬರಿಗೆ ಬಳಿದೆ. “ಸರಕಾರದ್ದದು!” ಎಂದು ಅತ್ತೆ ಚೀರಿದಳು. ಒಂದು ಅಂಕಿಯೂ ಕಾಣದ ಹಾಗೆ ಬಳಿದೆ.