ಉಳಿಸಬಾರದ ಗುಳಿಗೆ

ಮಸ್ಕಿಯ ಬಳೆಗಾರ್ತಿ ಖಾತೂನ್‌ಬೀ ಮುಖ ನೋಡಿ ಮಾತಾಡಿಸುವವಳಲ್ಲ, ಮುಂಗೈ ಹಿಡಿದು ಮಾತಾಡಿಸುವವಳು. ಮೂವತ್ತು ವರ್ಷ ಊರೂರು ತಿರುಗಿ ಹೆಂಗಸರ ಕೈಗೆ ಬಳೆ ಏರಿಸಿದ್ದಳು. ದವಾಖಾನೆಯ ಮೆಟ್ಟಿಲು ಹತ್ತದ ಸೊಸೆಯಂದಿರ ಜ್ವರ ಮೊದಲು ತಿಳಿಯುತ್ತಿದ್ದುದು ಆಕೆಯ ಬೆರಳುಗಳಿಗೆ. ನಾನು ಕೈ ಚಾಚಿ ಕೂತಾಗಲೆಲ್ಲ ಏನಾದರೊಂದು ಹೇಳುತ್ತಿದ್ದಳು. ಸಂತೆಕಲ್ಲೂರಿನ ಗದ್ದೆಮ್ಮನ ವಿಷಯ ಬಂದರಂತೂ ಬಳೆ ಅರ್ಧ ಅಂಗೈಯಲ್ಲೇ ನಿಂತುಬಿಡುತ್ತಿತ್ತು, ಅಷ್ಟು ಹುರುಪು!

ನಿಜಾಮರ ಕಾಲ, ದೊಡ್ಡ ಯುದ್ಧ ನಡೆದ ವರ್ಷಗಳು. ಮಳೆ ಹಿಡಿದು ಹಳ್ಳದ ಗುಂಡಿಗಳಲ್ಲೆಲ್ಲ ನೀರು ನಿಂತು, ಮನೆಮನೆಗೆ ಚಳಿಜ್ವರ ಹೊಕ್ಕಿತ್ತು. ಅದಕ್ಕೆ ಮದ್ದಾದ ಕ್ವಿನೈನನ್ನು ನಮ್ಮ ಕಡೆ ಕುನೈನ್ ಎನ್ನುತ್ತಿದ್ದರು. ಯುದ್ಧದಿಂದಾಗಿ ಅದು ಸಿಗುವುದೇ ಅಪರೂಪ. ಗದ್ದೆಮ್ಮ ಆಗ ಆರು ತಿಂಗಳ ಬಸುರಿ. ಹಿಂದಿನ ಬಸುರು ನಿಂತಿರಲಿಲ್ಲ. ಹಸಿರು ಬಳೆ ತೊಡಿಸಲೆಂದು ಖಾತೂನ್‌ಬೀ ಅವಳ ಕೈ ಹಿಡಿದಳು. ಹಿಡಿದ ಕೈ ಬಿಡಲಿಲ್ಲ.

"ಅಯ್ಯಮ್ಮಕ್ಕ, ನಿನ್ನ ಸೊಸಿ ಕೈ ಹಂಚಿನಂಗ ಸುಡಾಕತ್ತೈತಿ."

"ದಿನಾ ಬಿಟ್ಟು ದಿನಾ ಮಧ್ಯಾಹ್ನಕ್ಕ ಚಳಿ ಬರತೈತಿ ಬೇ," ಎಂದಳು ಅತ್ತೆ ಅಯ್ಯಮ್ಮ. "ಬಸವಣ್ಣನ ಗುಡಿ ಅಂಗಾರ ಹಣಿಗೆ ಹಚ್ಚೀನಿ."

"ಹಚ್ಚು, ದೇವರ ಹೆಸರು ಬ್ಯಾಡ ಅನ್ನಾಕ ನಾ ಯಾರು? ಆದ್ರ ಲಿಂಗಸುಗೂರು ದವಾಖಾನಿಗೂ ನಡಿ."

"ಅಲ್ಲಿ ಕುನೈನ್ ಕೊಡ್ತಾರ. ನುಂಗಿದ್ರ ಬಸುರು ಇಳಿತೈತಂತ!"

"ಅದನ್ನ ಹೇಳಾಕಿ ನೀನೂ ಅಲ್ಲ, ನಾನೂ ಅಲ್ಲ. ಡಾಕ್ಟರ್ ಸಾಹೇಬರ್ನ ಕೇಳೂಣು."

ಮರುದಿನವೇ ಗದ್ದೆಮ್ಮನ ಗಂಡ ಅಂಬಪ್ಪ ಬಂಡಿ ಕಟ್ಟಿದ. ಡಾಕ್ಟರು ಬೆರಳಿನ ರಕ್ತ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. "ಮನಸಿಗೆ ಬಂದಂಗ ನುಂಗಿದ್ರ ಕೇಡು ಖರೇ. ಆದ್ರ ಈ ಜ್ವರಾ ಹಂಗ ಬಿಟ್ರ ತಾಯಿನ್ನೂ ತಿಂತೈತಿ, ಕೂಸಿನ್ನೂ ತಿಂತೈತಿ. ನಾ ಈಕಿನ್ನ ನೋಡಿ ಈಕಿಗಂತ ಕೊಟ್ಟೀನಿ. ದಿನಕ್ಕ ಮೂರು ಸಲ, ಉಂಡ ಮ್ಯಾಲೆ ಒಂದೊಂದು ನುಂಗಲಿ. ಕಿವಿ ಸ್ವಲ್ಪ ಗುಂಯ್ ಅಂತಾವ, ಹೆದರಬ್ಯಾಡ್ರಿ. ಭಾಳ ಆದ್ರ, ಕಣ್ಣು ಮಂಜಾದ್ರ, ತಣ್ಣನ ಬೆವರು ಬಿಟ್ಟು ಕಣ್ಕತ್ತಲಿ ಬಂದ್ರ, ಹಂಗ ಎತ್ತಿಕೊಂಡು ಬರ್ರಿ," ಎಂದು ಏಳು ದಿನದ ಇಪ್ಪತ್ತೊಂದು ಗುಳಿಗೆ ಕೊಟ್ಟರು.

ಮನೆಯಲ್ಲಿ ಓದುಬರಹ ಬಲ್ಲವರಿರಲಿಲ್ಲ. ಖಾತೂನ್‌ಬೀ ಇಪ್ಪತ್ತೊಂದು ಹಸಿರು ಬಳೆ ಒಂದು ದಾರಕ್ಕೆ ಪೋಣಿಸಿ ಗೂಟಕ್ಕೆ ತೂಗಿಬಿಟ್ಟಳು, ಪಕ್ಕದಲ್ಲಿ ಬರಿಯ ದಾರವೊಂದನ್ನು. ಒಂದು ಗುಳಿಗೆ ನುಂಗಿದರೆ ಒಂದು ಬಳೆ ಆ ದಾರಕ್ಕೆ. ಕೈ ತಪ್ಪಿದರೂ ಕಣ್ಣು ತಪ್ಪಬಾರದು!

ಐದನೆಯ ದಿನ ಮಧ್ಯಾಹ್ನ ಬಂದು ನೋಡುತ್ತಾಳೆ, ಒಂಬತ್ತೇ ಬಳೆ ದಾಟಿವೆ, ಹನ್ನೆರಡು ಅಲ್ಲೇ ಇವೆ.

"ಇದೇನಬೇ ಅಕ್ಕ?"

"ಮೂರು ದಿನಕ್ಕ ಉರಿ ಬಿಟ್ಟಾವ. ಉಳಿದದ್ದು ದೇವರ ಜಗಲಿ ಮ್ಯಾಲೆ ಇಟ್ಟೀನಿ, ನಾಳೆ ಅಂಬಪ್ಪಗ ಚಳಿ ಬಂದ್ರ ಬೇಕಲ್ಲ?"

ಅಯ್ಯಮ್ಮನದು ಯಾವ ಗಡಿಗೆಯನ್ನೂ ಬರಿದು ಮಾಡದ ಮನೆ. ಜೋಳ ಎಷ್ಟು ಅಳೆದರೂ ತಳದಲ್ಲಿ ಒಂದು ಹಿಡಿ ಬಿಡುವುದು ಅವಳ ಅತ್ತೆಯಿಂದ ಬಂದ ಪದ್ಧತಿ. ಗುಳಿಗೆಗೂ ಅದನ್ನೇ ಮಾಡಿದ್ದಳು.

"ಜ್ವಾಳ ಬೀಜಕ್ಕ ಬಿಡ್ತೀಯವ್ವ, ಬಿಡು. ಹೊಲದಾಗ ಕಸಾ ಕೀಳುವಾಗ ನಾಕು ಸಾಲು ಕಸಾನೂ ಬೀಜಕ್ಕಂತ ಬಿಡ್ತೀಯೇನು?" ಖಾತೂನ್‌ಬೀ ಉಳಿದ ಬಳೆಗಳ ದಾರ ಹಿಡಿದು ಅಯ್ಯಮ್ಮನ ಮುಂದೆ ಆಡಿಸಿದಳು. "ನೀ ಉಳಿಸಿದ್ದು ಗುಳಿಗಿ ಅಲ್ಲ, ಈಕಿ ರಕ್ತದಾಗ ಜ್ವರ!"

ಅಷ್ಟರಲ್ಲಿ ಮೂಲೆಯಿಂದ ಬಳೆಗಳ ಸದ್ದು. ಗೋಡೆಗೆ ಒರಗಿದ್ದ ಗದ್ದೆಮ್ಮನ ಎರಡೂ ಕೈ ನಡುಗಿ ಬಳೆಗಳೆಲ್ಲ ತಾವೇ ಗಲಗಲ ಎನ್ನುತ್ತಿದ್ದವು. ಹಲ್ಲು ಕಟಕಟ ಕಡಿಯುತ್ತಿದ್ದವು. ಚಳಿ ಮರಳಿ ಬಂದಿತ್ತು!

ಅಯ್ಯಮ್ಮ ಜಗಲಿಗೆ ಓಡಿ ಉಳಿದ ಗುಳಿಗೆಗಳನ್ನೆಲ್ಲ ಹಿಡಿಯಲ್ಲಿ ತಂದಳು. "ಬಾಯಿ ತಗಿ ಮಗಳ, ತಪ್ಪಿದ್ದೆಲ್ಲಾ ಒಮ್ಮಿಗೇ ನುಂಗು!"

"ಬಾಯಿ ತೆರೀಬ್ಯಾಡ ಗದ್ದೆಮ್ಮ!" ಖಾತೂನ್‌ಬೀ ಹಾರಿ ಅಯ್ಯಮ್ಮನ ಮುಂಗೈ ಹಿಡಿದಳು. "ಒಮ್ಮಿಗೇ ತುರುಕಿದ್ರ ನೀ ಅವತ್ತು ಹೆದರಿದ್ದು ಇವತ್ತು ಖರೇ ಆಗ್ತೈತಿ. ಅಂಬಪ್ಪಾ, ಎತ್ತು ಹೂಡಲೇ!"

ಆ ಬಂಡಿ ಓಡಿದ ಓಟ! ದಾರಿಯುದ್ದಕ್ಕೂ ಅಯ್ಯಮ್ಮ ಬಸವಣ್ಣನನ್ನು ನೆನೆದರೆ, ಖಾತೂನ್‌ಬೀ ಅಲ್ಲಾಹನನ್ನು ನೆನೆದಳು. ನಡುವೆ ಗದ್ದೆಮ್ಮ ಮೂರು ಕಂಬಳಿ ಹೊದ್ದು ಎರಡನ್ನೂ ಕೇಳುತ್ತಿದ್ದಳು. ಡಾಕ್ಟರು ಬೈದರು, ಹೊಟ್ಟೆಗೆ ಕೊಳವೆ ಇಟ್ಟು ಆಲಿಸಿದರು. ಕೂಸಿನ ಎದೆ ಬಡಿಯುತ್ತಿತ್ತು. ಉಳಿಸಿದ್ದನ್ನು ಎಣಿಸಿ ನೋಡಿ, ಕಡಿಮೆ ಬಿದ್ದಷ್ಟು ಸೇರಿಸಿ, ಮೊದಲಿನಿಂದ ಮತ್ತೆ ಏಳು ದಿನ ಎಂದರು.

ಈ ಸಲ ಅಯ್ಯಮ್ಮ ಸೊಸೆ ರೊಟ್ಟಿ ತಿಂದು ಮುಗಿಸುವವರೆಗೆ ಎದುರಿಗೇ ಕೂತು, ಗುಳಿಗೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. "ಅತ್ತೀ, ಕಿವ್ಯಾಗ ಜೀರುಂಡಿ ಕೂಗಾಕತ್ತಾವ," ಎಂದರೆ, "ನನ್ನ ಬೈಗಳಕ್ಕಿಂತ ಜೋರಾಗಿ ಕೂಗಾಕತ್ತಾವೇನು? ಹಂಗಿದ್ರ ಹೇಳು, ಬಂಡಿ ಕಟ್ಟಿಸ್ತೀನಿ," ಎನ್ನುತ್ತಿದ್ದಳು. ಕೊನೆಯ ಗುಳಿಗೆ ಕೈಯಲ್ಲಿ ಹಿಡಿದು ಒಂದು ಗಳಿಗೆ ತಡೆದಳು, ಖಾಲಿ ಪೊಟ್ಟಣ ನೋಡಲಾಗದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಕೊಟ್ಟೇಬಿಟ್ಟಳು.

ಮದ್ದು ಮುಗಿದ ಮೇಲೆ ಚಳಿಯ ಸರದಿಯ ದಿನ ಬಂತು. ಖಾತೂನ್‌ಬೀ ವ್ಯಾಪಾರ ಬಿಟ್ಟು ಬೆಳಿಗ್ಗೆಯೇ ಬಂದು ಕೂತಳು. ಬಿಸಿಲು ಹೊಸ್ತಿಲು ದಾಟಿತು, ಚಳಿ ಬರುವ ಹೊತ್ತು ಅದೇ. ಬಿಸಿಲು ಬೀಸುವ ಕಲ್ಲಿನವರೆಗೆ ಬಂತು, ಕಲ್ಲನ್ನೂ ದಾಟಿತು. ಖಾತೂನ್‌ಬೀಯ ಕೈಯೊಳಗೆ ಗದ್ದೆಮ್ಮನ ಮುಂಗೈ ತಣ್ಣಗೆ, ಅಲುಗಾಡದೆ ಇತ್ತು.

ಇದ್ದಕ್ಕಿದ್ದಂತೆ ಗದ್ದೆಮ್ಮ "ಅಯ್ಯವ್ವ!" ಎಂದು ಹೊಟ್ಟೆ ಹಿಡಿದುಕೊಂಡಳು.

"ಏನಾತ? ಬಂತೇನ?" ಅಯ್ಯಮ್ಮ ಕಂಬಳಿಗೆ ಕೈ ಹಾಕಿದಳು.

"ಒದೀತ್ರೀ ಅತ್ತಿ... ಕೂಸು ಒದೀತು! ಮತ್ತ ಒದೀತು!"

ಅಯ್ಯಮ್ಮ, ಖಾತೂನ್‌ಬೀ ಇಬ್ಬರೂ ಒಟ್ಟಿಗೇ ಅವಳ ಹೊಟ್ಟೆಯ ಮೇಲೆ ಕೈ ಇಟ್ಟರು. ಶಿವನೇ, ಆ ಒದೆತವನ್ನು ಹೇಳುವಾಗ ಖಾತೂನ್‌ಬೀಯ ಕಣ್ಣು ಎಷ್ಟು ವರ್ಷದ ಮೇಲೂ ಹೊಳೆಯುತ್ತಿದ್ದವು! ಎಷ್ಟು ಹೊತ್ತಾದರೂ ಇಬ್ಬರೂ ಕೈ ತೆಗೆಯಲಿಲ್ಲವಂತೆ. ಕೊನೆಗೆ ಗದ್ದೆಮ್ಮನೇ ಅಂದಳಂತೆ:

"ಸಾಕು, ಕೈ ತಗೀರಿ. ನನಗ ಹಸಿವಾಗೇತಿ."